ಅಪ್ಪ ಅಮ್ಮನ ಜೊತೆ ಜಪಾನಿನ ಬಿಸಿನೀರ ಬುಗ್ಗೆಗಳ ಊರು ನೊಜಾವಾ ಓನ್ಸೆನ್‌ಗೆ ಹೋಗಬಹುದಾ?

ಖಂಡಿತ ಹೋಗಿ. ಅಕ್ಟೋಬರ್ ಕೊನೆ ಅಂದಿರಲ್ಲ, ಒಳ್ಳೇ ಸಮಯ. ಚಳಿಗಾಲದಲ್ಲಿ ಸ್ಕೀ ಮಾಡುವವರ ಜಾತ್ರೆ, ಆಗ ನಿಮಗೆ ಬೇಕಾದ ಶಾಂತಿ ಸಿಗುವುದಿಲ್ಲ. ಟೋಕಿಯೋದಿಂದ ಶಿಂಕಾನ್ಸೆನ್ ಬುಲೆಟ್ ರೈಲು ಹಿಡಿದು ಈಯಾಮಾದಲ್ಲಿ ಇಳಿದರೆ ಬಸ್ಸಿನಲ್ಲಿ ಅರ್ಧ ಗಂಟೆಯೊಳಗೆ ಊರು.

ಎಲ್ಲರ ಮುಂದೆ ಬಟ್ಟೆಯಿಲ್ಲದೆ ಸ್ನಾನ ಅಂದರೆ ಅಮ್ಮನಿಗೆ ಮುಜುಗರ ಅಂತ ಬರೆದಿದ್ದೀರಿ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಜಾಗ ಇದೆ, ಆದರೆ ಬಟ್ಟೆ ಹಾಕಿ ನೀರಿಗಿಳಿಯುವ ಹಾಗಿಲ್ಲ. ಮನೆಯವರಿಗಷ್ಟೇ ಬಿಟ್ಟುಕೊಡುವ ಬಚ್ಚಲು ಇರುವ ಹೋಟೆಲ್ ನೋಡಿ ಬುಕ್ ಮಾಡಿ.

ನೀವು ಮಾತ್ರ ಊರಿನ 13 ಸ್ನಾನದ ಮನೆಗಳನ್ನು ಬಿಡಬೇಡಿ. ಊರಿನವರೇ ಅವನ್ನು ತೊಳೆದು ನೋಡಿಕೊಳ್ಳುತ್ತಾರೆ, ಟಿಕೆಟ್ ಇಲ್ಲ, ಡಬ್ಬಿಗೆ ಕಾಣಿಕೆ ಹಾಕಿದರೆ ಆಯ್ತು, ಎಷ್ಟು ಚೆಂದದ ಪದ್ಧತಿ ಅಲ್ವಾ? ಸೋಪು, ಟವೆಲ್ ನೀವೇ ಒಯ್ಯಿರಿ. ನೀರು ಸಿಕ್ಕಾಪಟ್ಟೆ ಬಿಸಿ. ಮೈ ತೊಳೆದು, ಸ್ವಲ್ಪ ಸ್ವಲ್ಪ ಸುರಿದುಕೊಂಡು ನಿಧಾನಕ್ಕೆ ಇಳಿಯಿರಿ. ಅಪ್ಪನಿಗೆ ಬಿಪಿ ಇದೆ ಅಂದಿರಿ, ಡಾಕ್ಟರನ್ನು ಕೇಳದೆ ಇಳಿಸಬೇಡಿ.

ಓಗಾಮಾ ಬುಗ್ಗೆಯನ್ನೂ ನೋಡಿ. ಸುಮಾರು 90 ಡಿಗ್ರಿ ನೀರು, ಊರಿನವರು ಸೊಪ್ಪು, ಮೊಟ್ಟೆ ತಂದು ಅದರಲ್ಲೇ ಬೇಯಿಸುತ್ತಾರೆ! ಹೊರಗಿನವರು ಬೇಲಿಯಾಚೆಯೇ ನಿಲ್ಲಬೇಕು.

ಊಟದ ವಿಷಯಕ್ಕೆ, ಸಸ್ಯಾಹಾರಿ ಅಂದರೆ ಸಾಲದು. ತರಕಾರಿ ಸಾರಿಗೂ ದಾಶಿ ಅನ್ನುವ ಒಣಮೀನಿನ ರಸ ಹಾಕುತ್ತಾರೆ, ಅದೂ ಬೇಡ ಅಂತ ಬುಕ್ ಮಾಡುವಾಗಲೇ ಜಪಾನಿ ಭಾಷೆಯಲ್ಲಿ ಬರೆದು ತಿಳಿಸಿ.