ಬರ್ಮಿಂಗ್‌ಹ್ಯಾಮ್‌ನ 22ನೇ ಜೆರ್ಸಿ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜೂಡ್ ಬೆಲಿಂಗ್‌ಹ್ಯಾಮ್ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಹುಬ್ಬಳ್ಳಿಯಿಂದ ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿದೆ. ನಿಮ್ಮ ಆಕ್ಷೇಪಗಳು ಮೂರು. ಹದಿನಾರರ ಹುಡುಗನೊಬ್ಬ ‘ರಾತ್ರೋರಾತ್ರಿ ತಾರೆಯಾದ’ ಎಂದು ನಾವು ಬರೆದದ್ದು ಸುಳ್ಳು, ಅಂಥ ಮಾತು ಮನೆಯಲ್ಲಿರುವ ಹದಿನಾಲ್ಕರ ಮಗನ ತಲೆ ಕೆಡಿಸುತ್ತದೆ ಎನ್ನುವುದು ಮೊದಲನೆಯದು. ಒಂದೇ ಋತುವಿನಲ್ಲಿ 44 ಪಂದ್ಯಗಳನ್ನಾಡಿ ನಾಲ್ಕೇ ಗೋಲು ಹೊಡೆದವನಿಗಾಗಿ ಬರ್ಮಿಂಗ್‌ಹ್ಯಾಮ್ ಸಿಟಿ ಕ್ಲಬ್ 22ನೇ ಸಂಖ್ಯೆಯ ಜೆರ್ಸಿಯನ್ನು ನಿವೃತ್ತಿಗೊಳಿಸಿದ್ದು, ಅಂದರೆ ಆ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡದಂತೆ ಎತ್ತಿಟ್ಟದ್ದು ಅತಿರೇಕ, ಮರಡೋನಾ ಅವರಿಗಾಗಿ ನಾಪೊಲಿ ಕ್ಲಬ್ 10ನೇ ಸಂಖ್ಯೆಯನ್ನು ಎತ್ತಿಟ್ಟ ಗೌರವಕ್ಕೆ ಇದರಿಂದ ಬೆಲೆ ಇಲ್ಲದಂತಾಯಿತು ಎನ್ನುವುದು ಎರಡನೆಯದು. ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ಕ್ಲಬ್ ಬಾಗಿಲು ತೆರೆದು ಕರೆದಾಗ ಅದನ್ನು ಬಿಟ್ಟು ಜರ್ಮನಿಗೆ ಹೋದದ್ದೇಕೆ ಎಂಬುದನ್ನು ನಮ್ಮ ಲೇಖನ ಹೇಳಲೇ ಇಲ್ಲ ಎನ್ನುವುದು ಮೂರನೆಯದು. ಮೊದಲ ಮತ್ತು ಕೊನೆಯ ಆಕ್ಷೇಪಗಳನ್ನು ಒಪ್ಪಿಕೊಳ್ಳುತ್ತೇನೆ. ನಡುವಿನದನ್ನು ಮಾತ್ರ ಒಪ್ಪಲಾರೆ. ಏಕೆ ಎಂಬುದನ್ನು ವಿವರವಾಗಿಯೇ ಹೇಳಬೇಕು.

‘ರಾತ್ರೋರಾತ್ರಿ’ ಎಂಬ ಪದವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಜೂಡ್ ಹುಟ್ಟಿದ್ದು 2003ರ ಜೂನ್ 29ರಂದು, ಬರ್ಮಿಂಗ್‌ಹ್ಯಾಮ್ ನಗರಕ್ಕೆ ಪಶ್ಚಿಮದಲ್ಲಿರುವ ಸ್ಟೌರ್‌ಬ್ರಿಜ್ ಎಂಬ ಊರಿನಲ್ಲಿ. ತಂದೆ ಮಾರ್ಕ್ ಅವರು ಪೊಲೀಸ್ ಸಾರ್ಜೆಂಟ್ ಆಗಿದ್ದರು. ಆ ಕೆಲಸದ ಜೊತೆಜೊತೆಗೇ ಲೀಗ್‌ಗಿಂತ ಕೆಳಗಿನ ಸ್ತರದ ಸ್ಥಳೀಯ ಕ್ಲಬ್‌ಗಳಿಗೆ ಮುಂಚೂಣಿ ಆಟಗಾರರಾಗಿ ಆಡಿ ನೂರಾರು ಗೋಲು ಹೊಡೆದವರು. ದೊಡ್ಡ ಹಣವಾಗಲಿ ದೊಡ್ಡ ಹೆಸರಾಗಲಿ ಇಲ್ಲದ ಆ ಅಂಗಣಗಳಲ್ಲಿ ಅಪ್ಪ ಆಡುವುದನ್ನು ನೋಡುತ್ತಲೇ ಹುಡುಗ ಬೆಳೆದ. ಎಂಟು ವರ್ಷದೊಳಗಿನವರ ಗುಂಪಿನಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಯ ಅಕಾಡೆಮಿ ಸೇರಿದವನು ಆ ಕ್ಲಬ್ಬನ್ನು ಬಿಟ್ಟದ್ದು ಹದಿನೇಳನೆಯ ವಯಸ್ಸಿನಲ್ಲಿ. ಹದಿನೈದು ತುಂಬಿದ ಕೆಲವೇ ತಿಂಗಳಲ್ಲಿ 23 ವರ್ಷದೊಳಗಿನವರ ತಂಡದಲ್ಲಿ, ತನಗಿಂತ ಐದಾರು ವರ್ಷ ಹಿರಿಯರ ನಡುವೆ ಆಡುತ್ತಿದ್ದ. ಲೋಕದ ಕಣ್ಣಿಗೆ ಬೀಳುವ ಮೊದಲು ಎಷ್ಟು ವರ್ಷಗಳು ಹೀಗೆ ಕಳೆದವೆಂಬುದನ್ನು ನಾವು ಬರೆಯಬೇಕಿತ್ತು, ಬರೆಯಲಿಲ್ಲ.

ಆ 22 ಎಂಬ ಸಂಖ್ಯೆ ಬಂದದ್ದೂ ಅಕಾಡೆಮಿಯ ದಿನಗಳಿಂದಲೇ. ಫುಟ್‌ಬಾಲ್ ಬಲ್ಲವರ ಮಾತಿನಲ್ಲಿ 4 ಎಂದರೆ ರಕ್ಷಣಾ ಸಾಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಮಿಡ್‌ಫೀಲ್ಡರ್. 8 ಎಂದರೆ ಈ ಪೆನಾಲ್ಟಿ ಆವರಣದಿಂದ ಆ ಪೆನಾಲ್ಟಿ ಆವರಣದವರೆಗೆ ಓಡಾಡಿಕೊಂಡಿರುವವನು. 10 ಎಂದರೆ ಗೋಲಿಗೆ ದಾರಿ ತೆರೆಯುವವನು. ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವುದೇ ಬೇಡ, ಮೂರನ್ನೂ ಕಲಿಯಬಲ್ಲೆ ಎಂದು ಅಕಾಡೆಮಿಯ ತರಬೇತುದಾರ ಮೈಕ್ ಡಾಡ್ಸ್ ಅವರು ಹುಡುಗನಿಗೆ ಮನವರಿಕೆ ಮಾಡಿಕೊಟ್ಟರು. ನಾಲ್ಕು, ಎಂಟು, ಹತ್ತು ಕೂಡಿದರೆ ಇಪ್ಪತ್ತೆರಡು. ಕೂಡುವ ಲೆಕ್ಕ ಚಿಕ್ಕದು. ಆದರೆ ಬೆಳೆಯುವ ಮಗುವನ್ನು ಒಂದೇ ಜಾಗಕ್ಕೆ ಕಟ್ಟಿಹಾಕಬಾರದೆಂಬ ಆ ತರಬೇತುದಾರರ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈಗ ನಿಮ್ಮ ಎರಡನೆಯ ಆಕ್ಷೇಪಕ್ಕೆ ಬರೋಣ. 2019ರ ಆಗಸ್ಟ್ 6ರಂದು ಪೋರ್ಟ್ಸ್‌ಮತ್ ತಂಡದ ವಿರುದ್ಧ ಲೀಗ್ ಕಪ್ ಪಂದ್ಯದಲ್ಲಿ ಜೂಡ್ ಪದಾರ್ಪಣೆ ಮಾಡಿದಾಗ ಅವನ ವಯಸ್ಸು 16 ವರ್ಷ 38 ದಿನ. ಕ್ಲಬ್ಬಿನ ಅತಿ ಕಿರಿಯ ಆಟಗಾರನೆಂಬ ದಾಖಲೆ 1970ರಿಂದಲೂ ಟ್ರೆವರ್ ಫ್ರಾನ್ಸಿಸ್ ಅವರ ಹೆಸರಿನಲ್ಲಿತ್ತು. ಅವರು ಆಡಿದ್ದು 16 ವರ್ಷ 139 ದಿನಗಳಾಗಿದ್ದಾಗ. ಅದೇ ಫ್ರಾನ್ಸಿಸ್ 1979ರಲ್ಲಿ ಬ್ರಿಟನ್ನಿನ ಮೊದಲ ಹತ್ತು ಲಕ್ಷ ಪೌಂಡ್ ಆಟಗಾರರೆನಿಸಿದವರು. ಪೋರ್ಟ್ಸ್‌ಮತ್‌ನಲ್ಲಿ ಬರ್ಮಿಂಗ್‌ಹ್ಯಾಮ್ 3–0ರಿಂದ ಸೋತಿತು. ಆ ತಿಂಗಳ ಕೊನೆಯ ದಿನ ತವರಿನ ಸೇಂಟ್ ಆಂಡ್ರ್ಯೂಸ್ ಅಂಗಣದಲ್ಲಿ ಸ್ಟೋಕ್ ಸಿಟಿ ಎದುರಾಳಿ. ಗಾಯಗೊಂಡ ಸಹ ಆಟಗಾರನ ಬದಲಿಗೆ ಜೂಡ್ ಅಂಗಣಕ್ಕಿಳಿದ. ಎದುರಾಳಿಯ ಮೈಗೆ ತಗುಲಿ ದಿಕ್ಕು ಬದಲಿಸಿದ ಅವನ ಹೊಡೆತ ಗೋಲಿನೊಳಗೆ ಸೇರಿ, ತಂಡ 2–1ರಿಂದ ಗೆದ್ದಿತು. ಕ್ಲಬ್ಬಿನ ಇತಿಹಾಸದಲ್ಲೇ ಅತಿ ಕಿರಿಯ ಗೋಲುಗಾರನಾದಾಗ ಅವನಿಗೆ 16 ವರ್ಷ 63 ದಿನ. ನೋಡಲು ಅಂಥ ಸುಂದರವಾದ ಗೋಲೇನೂ ಅಲ್ಲ. ಆದರೆ ಅದರಿಂದ ಬಂದ ಮೂರು ಅಂಕಗಳು ಆ ತಂಡಕ್ಕೆ ಎಷ್ಟು ಬೇಕಾಗಿದ್ದವು ಎಂಬುದು ಗೊತ್ತಾಗಬೇಕಾದರೆ ಕ್ಲಬ್ಬಿನ ಅಂದಿನ ಸ್ಥಿತಿಯನ್ನು ತಿಳಿದಿರಬೇಕು.

ಬರ್ಮಿಂಗ್‌ಹ್ಯಾಮ್ ಆಡುತ್ತಿದ್ದುದು ಪ್ರೀಮಿಯರ್ ಲೀಗಿಗಿಂತ ಒಂದು ಮೆಟ್ಟಿಲು ಕೆಳಗಿನ ಚಾಂಪಿಯನ್‌ಷಿಪ್‌ನಲ್ಲಿ. ಅಲ್ಲಿ 24 ತಂಡಗಳು, ಪ್ರತಿ ತಂಡಕ್ಕೂ 46 ಪಂದ್ಯಗಳು. ಶನಿವಾರ ಆಡಿ ಬಂದ ಕಾಲಿನ ನೋವು ಆರುವ ಮುನ್ನವೇ ಮಂಗಳವಾರ ಮತ್ತೆ ಆಡಬೇಕು. ಹಿಂದಿನ ಋತುವಿನಲ್ಲಷ್ಟೇ ಹಣಕಾಸಿನ ನಿಯಮ ಮೀರಿದ್ದಕ್ಕಾಗಿ ಕ್ಲಬ್ಬಿನ ಒಂಬತ್ತು ಅಂಕಗಳನ್ನು ಕಡಿತ ಮಾಡಲಾಗಿತ್ತು. 2019–20ರ ಆ 46 ಲೀಗ್ ಪಂದ್ಯಗಳ ಪೈಕಿ 41ರಲ್ಲಿ ಈ ಹುಡುಗ ಆಡಿದ, ಕೆಲವೊಮ್ಮೆ ನಡುವಿನಲ್ಲಿ, ಕೆಲವೊಮ್ಮೆ ಅಂಚಿನಲ್ಲಿ. ಇಂಗ್ಲೆಂಡಿನ ನಿಯಮದಂತೆ ಹದಿನೇಳು ತುಂಬುವ ಮೊದಲು ಯಾರೂ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ. ಹಾಗಾಗಿ ಅವನು ಆ ಋತುವಿನ ಬಹುಪಾಲು ಆಡಿದ್ದು ತರಬೇತಿ ವಿದ್ಯಾರ್ಥಿಯಾಗಿ. ಸಂಸಾರಸ್ಥರಾದ, ಮೂವತ್ತು ದಾಟಿದ, ಮೈಮೇಲೆ ಬಿದ್ದು ಆಡುವ ಗಂಡಸರ ನಡುವೆ ವಿದ್ಯಾರ್ಥಿಯೊಬ್ಬ ವಾರ ವಾರವೂ ನಿಂತು ಆಡಿದನೆಂಬುದನ್ನು ‘ನಾಲ್ಕೇ ಗೋಲು’ ಎಂಬ ಲೆಕ್ಕ ತೋರಿಸುವುದಿಲ್ಲ.

ಕೋವಿಡ್‌ನಿಂದಾಗಿ ಮಾರ್ಚ್‌ನಲ್ಲಿ ನಿಂತುಹೋದ ಋತು ಜೂನ್‌ನಲ್ಲಿ ಮತ್ತೆ ಶುರುವಾಯಿತು, ಪ್ರೇಕ್ಷಕರಿಲ್ಲದೆ. ಜುಲೈ 22ರ ಕೊನೆಯ ಪಂದ್ಯದಲ್ಲಿ ಡರ್ಬಿ ಕೌಂಟಿಯ ಎದುರು ಬರ್ಮಿಂಗ್‌ಹ್ಯಾಮ್ ಸೋತರೂ, ಕೆಳದರ್ಜೆಗೆ ಜಾರಿದ ಚಾರ್ಲ್‌ಟನ್‌ಗಿಂತ ಎರಡೇ ಅಂಕ ಮೇಲಿದ್ದು 20ನೇ ಸ್ಥಾನದಲ್ಲಿ ಉಳಿದುಕೊಂಡಿತು. ಸ್ಟೋಕ್ ವಿರುದ್ಧದ ಆ ಗೋಲನ್ನು ಈಗ ಮತ್ತೊಮ್ಮೆ ನೆನಪಿಸಿಕೊಳ್ಳಿ: ಡ್ರಾ ಆಗಬೇಕಿದ್ದ ಪಂದ್ಯವನ್ನು ಅದು ಗೆಲುವಾಗಿಸಿತ್ತು, ಅಂದರೆ ಹೆಚ್ಚುವರಿಯಾಗಿ ಎರಡು ಅಂಕ ತಂದಿತ್ತು. ಸುಮಾರು ಒಂದು ವರ್ಷ ನಡೆದ ಹೋರಾಟದ ಕೊನೆಗೆ ಕ್ಲಬ್ಬಿಗೂ ಪಾತಾಳಕ್ಕೂ ನಡುವೆ ಇದ್ದದ್ದು ಅಷ್ಟೇ ಅಂತರ.

ಅದೇ ಜುಲೈನಲ್ಲಿ ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ ಕ್ಲಬ್ಬಿಗೆ ಆದ ಅವನ ವರ್ಗಾವಣೆಯಿಂದ ಬರ್ಮಿಂಗ್‌ಹ್ಯಾಮ್‌ಗೆ ಬಂದದ್ದು ಆರಂಭದಲ್ಲೇ ಸುಮಾರು ಎರಡೂವರೆ ಕೋಟಿ ಪೌಂಡ್ ಎಂದು ವರದಿಯಾಯಿತು. ಕೋವಿಡ್‌ನಿಂದ ಟಿಕೆಟ್ ಆದಾಯವೂ ನಿಂತಿದ್ದ ಕಾಲದಲ್ಲಿ ಆ ಹಣ ಎಷ್ಟು ದೊಡ್ಡ ಆಸರೆ ಎಂಬುದನ್ನು ವಿವರಿಸಬೇಕಾಗಿಲ್ಲ. ಕ್ಲಬ್ ತನ್ನ ಪ್ರಕಟಣೆಯಲ್ಲಿ, ತಮ್ಮವನೊಬ್ಬನನ್ನು ನೆನಪಿಟ್ಟುಕೊಳ್ಳಲು ಮತ್ತು ಅಕಾಡೆಮಿಯ ಉಳಿದ ಮಕ್ಕಳಿಗೆ ಸ್ಫೂರ್ತಿಯಾಗಲು ಸಂಖ್ಯೆಯನ್ನು ನಿವೃತ್ತಿಗೊಳಿಸುತ್ತಿರುವುದಾಗಿ ಹೇಳಿತು. ಅಂದು ಇಂಗ್ಲೆಂಡಿನಲ್ಲೂ ಬಹಳ ಜನ ನಕ್ಕರು. ನಾನು ನಗಲಾರೆ. ನಾಪೊಲಿ ಮರಡೋನಾ ಅವರಿಗೆ ಸಲ್ಲಿಸಿದ್ದು ಸಾಧನೆಗೆ ಸಂದ ಗೌರವ. ಬರ್ಮಿಂಗ್‌ಹ್ಯಾಮ್ ಸಲ್ಲಿಸಿದ್ದು ಮನೆಯ ಮಗನಿಗೆ ಮನೆಯವರು ಸಲ್ಲಿಸಿದ ಕೃತಜ್ಞತೆ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ಮಗಳು ಮದುವೆಯಾಗಿ ಹೋದ ಮೇಲೂ ಅವಳ ಕೋಣೆಯನ್ನು ಹಾಗೆಯೇ ಇಟ್ಟುಕೊಳ್ಳುವ ಮನೆಗಳನ್ನು ನೀವೂ ನೋಡಿರುತ್ತೀರಿ. ಅವಳು ಜಿಲ್ಲೆಗೇ ಮೊದಲು ಬಂದಿದ್ದಳೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಮೂರನೆಯ ಪ್ರಶ್ನೆ ಯುನೈಟೆಡ್‌ನದು. ಆ ಕ್ಲಬ್ ಜೂಡ್‌ನನ್ನೂ ಅವನ ಮನೆಯವರನ್ನೂ ತನ್ನ ಕ್ಯಾರಿಂಗ್ಟನ್ ತರಬೇತಿ ಕೇಂದ್ರಕ್ಕೆ ಕರೆಸಿಕೊಂಡಿತ್ತು, ಅದರ ಹೆಸರಾಂತ ಮಾಜಿ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಅವರೇ ಭೇಟಿಯಾಗಿದ್ದರು. ಆದರೂ ಕುಟುಂಬ ಆರಿಸಿಕೊಂಡದ್ದು ಬೊರುಸಿಯಾ ಡಾರ್ಟ್‌ಮಂಡ್. ಕಾರಣ ಆಟದ ಸಮಯ. ಮ್ಯಾಂಚೆಸ್ಟರ್ ಸಿಟಿಯ ಅಕಾಡೆಮಿಯಿಂದ 2017ರಲ್ಲಿ ಹದಿನೇಳನೆಯ ವಯಸ್ಸಿನಲ್ಲಿ ಹೊರಟ ಜೇಡನ್ ಸ್ಯಾಂಚೊ ಡಾರ್ಟ್‌ಮಂಡ್‌ನಲ್ಲಿ ಬೆಳೆದ ಬಗೆ ಎಲ್ಲರ ಕಣ್ಣೆದುರಿಗಿತ್ತು. ದೊಡ್ಡ ಹೆಸರಿನ ಬೆಂಚಿನ ಮೇಲೆ ಕೂರುವುದಕ್ಕಿಂತ ಅಂಗಣದಲ್ಲಿ ತಪ್ಪು ಮಾಡುತ್ತ ಕಲಿಯುವುದು ಮೇಲು ಎಂದು ತೀರ್ಮಾನಿಸಿದ ಆ ತಂದೆ-ತಾಯಿಯರ ಬಗ್ಗೆ ನನಗೆ ಅಪಾರ ಗೌರವವಿದೆ, ಏಕೆಂದರೆ ಆ ತೀರ್ಮಾನಕ್ಕೆ ಅವರು ಬೆಲೆ ತೆತ್ತರು. ತಾಯಿ ಡೆನೀಸ್ ಅವರು ಜೂಡ್‌ನೊಂದಿಗೆ ಜರ್ಮನಿಗೆ ಹೋದರು. ತಂದೆ ಕಿರಿಯ ಮಗ ಜೋಬ್‌ನೊಂದಿಗೆ ಇಂಗ್ಲೆಂಡಿನಲ್ಲಿ ಉಳಿದರು. ಒಂದು ಸಂಸಾರ ಎರಡು ದೇಶಗಳಲ್ಲಿ ಎರಡು ಒಲೆ ಹೂಡಿತು.

ಇದರಲ್ಲಿ ಕಾಲದ ಪಾತ್ರವೂ ಇದೆ, ಅದನ್ನು ನಮ್ಮ ಲೇಖನ ಪೂರ್ತಿ ಮರೆತಿತ್ತು. ಹದಿನೆಂಟು ತುಂಬದ ಆಟಗಾರರು ದೇಶ ಬದಲಿಸುವುದನ್ನು ಫಿಫಾ ಸಾಮಾನ್ಯವಾಗಿ ನಿಷೇಧಿಸಿದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಐರೋಪ್ಯ ಒಕ್ಕೂಟದ ಒಳಗೆ ಹದಿನಾರು ದಾಟಿದವರಿಗೆ ಇರುವಂಥದ್ದು. ಬ್ರಿಟನ್ ಒಕ್ಕೂಟ ಬಿಟ್ಟ ಮೇಲಿನ ಸಂಕ್ರಮಣ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿಯಿತು, ಜೊತೆಗೆ ಇಂಗ್ಲೆಂಡಿನ ಹುಡುಗರ ಪಾಲಿಗೆ ಆ ವಿನಾಯಿತಿಯೂ ಮುಗಿಯಿತು. ಜೂಡ್ ಒಂದು ವರ್ಷ ತಡವಾಗಿ ಹುಟ್ಟಿದ್ದರೆ ಹದಿನೇಳಕ್ಕೆ ಡಾರ್ಟ್‌ಮಂಡ್ ಸೇರುವ ಈ ದಾರಿಯೇ ಇರುತ್ತಿರಲಿಲ್ಲ.

ಡಾರ್ಟ್‌ಮಂಡ್‌ನಲ್ಲಿ ಅವನು ಆಟದ ಸಮಯಕ್ಕಾಗಿ ಕಾಯಬೇಕಾಗಲಿಲ್ಲ. 2020ರ ಸೆಪ್ಟೆಂಬರ್ 14ರಂದು, ಜರ್ಮನ್ ಕಪ್‌ನಲ್ಲಿ ಡೂಯಿಸ್‌ಬರ್ಗ್ ವಿರುದ್ಧದ ಮೊದಲ ಪಂದ್ಯದಲ್ಲೇ ಗೋಲು ಬಂತು. ನವೆಂಬರ್ 12ರಂದು ವೆಂಬ್ಲಿಯಲ್ಲಿ ಐರ್ಲೆಂಡ್ ಎದುರು ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಪದಾರ್ಪಣೆಯೂ ಆಯಿತು. ಇಷ್ಟಾಗಿಯೂ ನಿಮ್ಮ ಮಗನಿಗೆ ತೋರಿಸಬೇಕಾದದ್ದು ಈ ದಾಖಲೆಗಳನ್ನಲ್ಲ, 2021ರ ಏಪ್ರಿಲ್‌ನ ಎರಡು ಪಂದ್ಯಗಳನ್ನು.

ಏಪ್ರಿಲ್ 6ರಂದು ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನ ಮೊದಲ ಪಂದ್ಯ, ಮ್ಯಾಂಚೆಸ್ಟರ್ ಸಿಟಿಯ ಅಂಗಣದಲ್ಲಿ. ಗೋಲ್‌ಕೀಪರ್ ಎಡರ್ಸನ್ ಅವರ ಕಾಲಿನಿಂದ ಚೆಂಡು ಒಂದಿಷ್ಟು ದೂರ ಸರಿದದ್ದೇ ತಡ, ಹಿಂದಟ್ಟಿ ಬಂದ ಜೂಡ್ ಕಾಲು ಚಾಚಿ ಅದನ್ನು ಕಸಿದು ಬರಿದಾದ ಗೋಲಿಗೆ ತಳ್ಳಿದ. ಚೆಂಡು ಗೆರೆ ದಾಟುವ ಮುನ್ನವೇ ರೆಫರಿ ಫೌಲ್ ಎಂದು ಸೀಟಿ ಊದಿಬಿಟ್ಟಿದ್ದರು. ಆಟ ನಿಂತ ಮೇಲೆ ಆದದ್ದಾದ್ದರಿಂದ ವಿಡಿಯೊ ಮರುಪರಿಶೀಲನೆಗೂ ಅವಕಾಶವಿರಲಿಲ್ಲ. ಅದು ಫೌಲ್ ಅಲ್ಲವೆಂದೇ ನನಗೆ ಈಗಲೂ ಅನಿಸುತ್ತದೆ. ಡಾರ್ಟ್‌ಮಂಡ್ 2–1ರಿಂದ ಸೋತಿತು. ಎಂಟು ದಿನಗಳ ನಂತರ ತವರಿನಲ್ಲಿ ಮರುಪಂದ್ಯ. ಹದಿನೈದನೇ ನಿಮಿಷದಲ್ಲಿ, ಎದುರಾಳಿಗಳಿಂದ ತುಂಬಿದ್ದ ಪೆನಾಲ್ಟಿ ಆವರಣದಲ್ಲಿ ಚೆಂಡು ತನ್ನತ್ತ ಚಿಮ್ಮಿ ಬಂದಾಗ ಅವನು ಅವಸರಪಡಲಿಲ್ಲ. ಅದನ್ನು ಹದಕ್ಕೆ ತಂದುಕೊಂಡು, ಬಾಗಿಸಿ ಗೋಲಿನ ಮೇಲಿನ ಮೂಲೆಗೆ ಹೊಡೆದ. ಎಡರ್ಸನ್ ಅವರ ಕೈಗೆ ತಗುಲಿದರೂ ಅದು ನಿಲ್ಲಲಿಲ್ಲ. ಆ ಪಂದ್ಯವನ್ನೂ ಡಾರ್ಟ್‌ಮಂಡ್ ಸೋತು ಟೂರ್ನಿಯಿಂದ ಹೊರಬಿತ್ತು. ಆದರೆ ಹದಿನೇಳರ ಹುಡುಗ ಹಿಂದಿನ ವಾರದ ಅನ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ್ದರೆ ಆ ಕ್ಷಣದಲ್ಲಿ ಅಷ್ಟು ಸಮಾಧಾನ ಅವನಿಗೆ ಸಿಗುತ್ತಿರಲಿಲ್ಲ.

ಅವನನ್ನು ದೇವರಾಗಿಸುವ ಉದ್ದೇಶ ನನಗಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಸೋತ ಬೆನ್ನಲ್ಲೇ ರೆಫರಿಯ ಬಗ್ಗೆ ಕ್ಯಾಮೆರಾ ಮುಂದೆ ಕಟುವಾಗಿ ಮಾತನಾಡಿ, ಜರ್ಮನ್ ಫುಟ್‌ಬಾಲ್ ಸಂಸ್ಥೆಯಿಂದ 40,000 ಯೂರೊ ದಂಡ ಹಾಕಿಸಿಕೊಂಡ. ಹದಿನೆಂಟರ ಬಾಯಿ ಯಾವಾಗಲೂ ಕಾಲಿನಷ್ಟು ಹಿಡಿತದಲ್ಲಿರುವುದಿಲ್ಲ.

2023ರ ಜೂನ್‌ನಲ್ಲಿ ರಿಯಲ್ ಮ್ಯಾಡ್ರಿಡ್ 10.3 ಕೋಟಿ ಯೂರೊ ಕೊಟ್ಟು ಅವನನ್ನು ಕರೆದುಕೊಂಡಿತು. ಮುಂದಿನ ಕಥೆ ನಿಮಗೆ ಗೊತ್ತೇ ಇದೆ. ಅಂತರರಾಷ್ಟ್ರೀಯ ವರ್ಗಾವಣೆಯ ಮೊತ್ತದಲ್ಲಿ ಶೇ 5ರಷ್ಟನ್ನು, ಆಟಗಾರನನ್ನು 12ರಿಂದ 23ರ ವಯಸ್ಸಿನವರೆಗೆ ತರಬೇತುಗೊಳಿಸಿದ ಕ್ಲಬ್‌ಗಳಿಗೆ ಹಂಚಬೇಕೆಂಬ ಫಿಫಾ ನಿಯಮವಿದೆ. ಅದರಂತೆ ಆ ಹಣದಲ್ಲೂ ಬರ್ಮಿಂಗ್‌ಹ್ಯಾಮ್‌ಗೆ ಒಂದು ಪಾಲಿತ್ತು.

ಶಾಲೆ ಬಿಟ್ಟು ಪೂರ್ತಿ ಫುಟ್‌ಬಾಲ್‌ಗೆ ಹೋಗುತ್ತೇನೆ ಎಂದು ಮಗ ಹಟ ಹಿಡಿದಿದ್ದಾನೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಮ್ಮ ಲೇಖನವನ್ನು ತೋರಿಸಿ ಅವನು ವಾದಿಸಿದನೆಂದು ಓದಿ ನನಗೆ ನಿಜಕ್ಕೂ ನೋವಾಯಿತು. ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ಹದಿನಾರಕ್ಕೆ ಸಿಗುವ ಎರಡು ವರ್ಷಗಳ ತರಬೇತಿ ಒಪ್ಪಂದದಲ್ಲಿ ಓದೂ ಒಂದು ಭಾಗ. ಬೆಳಿಗ್ಗೆ ಅಂಗಣಕ್ಕಿಳಿಯುವ ಹುಡುಗರು ಅದೇ ವಾರದಲ್ಲಿ ತರಗತಿಗೂ ಹೋಗಬೇಕು. ಈ ಒಂದು ವಾಕ್ಯವನ್ನು ನೀವು ಅವನಿಗೆ ಓದಿ ಹೇಳಿದರೆ ನನ್ನ ಮೇಲೆ ಉಪಕಾರ ಮಾಡಿದಂತಾಗುತ್ತದೆ.

ಇನ್ನೊಂದು ತಪ್ಪನ್ನೂ ಇಲ್ಲಿಯೇ ತಿದ್ದುತ್ತಿದ್ದೇನೆ. ಜೂಡ್ ಬರ್ಮಿಂಗ್‌ಹ್ಯಾಮ್ ಪರ ಆಡಿದ ಮೊದಲ ಪಂದ್ಯದಲ್ಲೇ ಗೋಲು ಹೊಡೆದನೆಂದು ನಾವು ಅಚ್ಚು ಮಾಡಿದ್ದೆವು. ಅದು ಡಾರ್ಟ್‌ಮಂಡ್ ಪರ ಆಡಿದ ಮೊದಲ ಪಂದ್ಯಕ್ಕೆ ಮಾತ್ರ ಸಲ್ಲುವ ಮಾತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಅವನು ಮೊದಲ ಗೋಲಿಗಾಗಿ 25 ದಿನ ಕಾದಿದ್ದ.

— ಸಂಪಾದಕ