ಕಾನೂನು ಓದದವರು ಮೀಡಿಯೇಷನ್, ಆರ್ಬಿಟ್ರೇಷನ್ ಎರಡನ್ನೂ ಒಟ್ಟಿಗೆ ಕಲಿಯಬಹುದೇ?

ಎರಡನ್ನೂ ಕಲಿಯಬಹುದು, ಒಟ್ಟಿಗೆ ಮಾತ್ರ ಬೇಡ. ಹೊಸಬರಿಗೆ ಮೀಡಿಯೇಷನ್, ಅಂದರೆ ಜಗಳವಾಡಿದವರ ನಡುವೆ ಕೂತು ರಾಜಿಗೆ ನೆರವಾಗುವುದನ್ನು, ಅಭ್ಯಾಸ ಮಾಡಿಸುವ ಕೆಲಸದಲ್ಲಿದ್ದೇನೆ, ಹಾಗಾಗಿ ಮೊದಲು ಅದನ್ನೇ ಕಲಿಯಿರಿ ಅನ್ನುತ್ತೇನೆ. ಕಾನೂನು ಪದವಿ ಇಲ್ಲದ ಎಂಜಿನಿಯರುಗಳು, ಮೇಷ್ಟ್ರುಗಳು ಇದನ್ನು ಚೆನ್ನಾಗಿ ಮಾಡುತ್ತಾರೆ. ಅಧಿಕೃತ ಪಟ್ಟಿಗೆ ಸೇರಲು ಏನು ಅರ್ಹತೆ ಬೇಕು ಎಂಬುದು ಆಯಾ ದೇಶದ, ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು.

ಮೀಡಿಯೇಷನ್‌ನಲ್ಲಿ ತೀರ್ಮಾನ ಜಗಳವಾಡಿದವರದೇ, ಒಪ್ಪಿಗೆಯಾಗದಿದ್ದರೆ ಎದ್ದು ಹೋಗಬಹುದು. ಆರ್ಬಿಟ್ರೇಷನ್‌ನಲ್ಲಿ ಇಬ್ಬರೂ ಒಪ್ಪಿದ ವಿಧಾನದಲ್ಲಿ ನೇಮಕವಾದವರು ವಾದ, ಸಾಕ್ಷ್ಯ ನೋಡಿ ತೀರ್ಪು ಕೊಡುತ್ತಾರೆ. ಇಷ್ಟವಾಗಲಿ ಬಿಡಲಿ, ಅದಕ್ಕೆ ಬದ್ಧರಾಗಬೇಕು. ಒಂದರಲ್ಲಿ ತೀರ್ಪು ಕೊಡುವ ಚಪಲವನ್ನೇ ಬಿಡಬೇಕು, ಇನ್ನೊಂದರಲ್ಲಿ ತೀರ್ಪು ಕೊಡುವುದೇ ಕೆಲಸ. ಒಟ್ಟಿಗೆ ಬೇಡ ಎಂದದ್ದು ಇದಕ್ಕೇ.

ಅಭ್ಯಾಸಕ್ಕೆ ಕೊಡುವ ಒಂದು ಸನ್ನಿವೇಶ ನೋಡಿ. ಬೇರೆಯಾಗುತ್ತಿರುವ ಪಾಲುದಾರರಲ್ಲಿ ಒಬ್ಬ "ನನ್ನ ದುಡ್ಡು ಪೂರ್ತಿ ಈಗಲೇ ಬೇಕು" ಎಂದು ಪಟ್ಟು ಹಿಡಿದಿದ್ದಾನೆ. ಹೊಸಬರು ಕೂಡಲೇ "ಅರ್ಧ ಈಗ, ಅರ್ಧ ಆಮೇಲೆ ಆದೀತಾ?" ಅನ್ನುತ್ತಾರೆ. ಅದು ಬರೀ ಚೌಕಾಸಿ. "ಈಗಲೇ ಅಂದಿರಲ್ಲ, ಈಗ ಅಂಥದ್ದೇನು ಬಂತು?" ಎಂದು ಕೇಳಿ ಸುಮ್ಮನಿರಬೇಕು. ಆಗ ಹೊರಬರುತ್ತದೆ: ವ್ಯವಹಾರದ ಸಾಲಕ್ಕೆ ಆತ ಸ್ವಂತ ಜಾಮೀನು ಹಾಕಿದ್ದಾನೆ, ನಾಳೆ ಬ್ಯಾಂಕಿನವರು ತನ್ನ ಮನೆಗೇ ಬಂದಾರು ಎಂಬ ಭಯ. ಅಂದ ಮೇಲೆ ಮೊದಲು ಬಿಡಿಸಬೇಕಾದದ್ದು ಆ ಜಾಮೀನು. ಆದರೆ ಆತ ಇದನ್ನು ಹೇಳಿದ್ದು ನಿಮ್ಮೊಬ್ಬರ ಜೊತೆ ಬೇರೆಯಾಗಿ ಕೂತಾಗ. "ಇದನ್ನು ಅವರಿಗೆ ತಿಳಿಸಲೇ?" ಎಂದು ಕೇಳಿ ಒಪ್ಪಿಗೆ ಪಡೆಯದೆ ಬಾಯಿ ಬಿಡುವಂತಿಲ್ಲ. ಇದೆಲ್ಲ ಕೂತು ಮಾಡಿಯೇ ಬರುವಂಥದ್ದು. ಹಲವು ಕಡೆ ಮೂಲ ತರಬೇತಿ 40 ಗಂಟೆಯದು. ಅದರಲ್ಲಿ ಇಂಥ ಅಭ್ಯಾಸ ಎಷ್ಟಿದೆ, ತಪ್ಪು ತಿದ್ದುವವರು ಪಕ್ಕದಲ್ಲಿರುತ್ತಾರಾ ಎಂದು ಶುಲ್ಕ ಕಟ್ಟುವ ಮೊದಲೇ ಕೇಳಿ.

ಒಪ್ಪಂದ ಬರೆಯುವುದನ್ನೂ ಕಲಿಯಿರಿ. "ಆದಷ್ಟು ಬೇಗ ಕೊಡತಕ್ಕದ್ದು" ಎಂದು ಬರೆದರೆ ಮುಂದಿನ ಜಗಳಕ್ಕೆ ನೀವೇ ಬೀಜ ಹಾಕಿದಂತೆ. ಯಾರು, ಎಷ್ಟು, ಯಾವ ತಾರೀಖಿಗೆ, ತಪ್ಪಿದರೆ ಏನು, ಎಲ್ಲವೂ ಅದರಲ್ಲಿರಬೇಕು.

ಆರ್ಬಿಟ್ರೇಷನ್‌ಗೆ ಓದು ಜಾಸ್ತಿ. 1985ರ ವಿಶ್ವಸಂಸ್ಥೆಯ ಮಾದರಿ ಕಾನೂನಿನಿಂದ ಶುರು ಮಾಡಿ, ಅನೇಕ ದೇಶಗಳ ಕಾಯ್ದೆಗೆ ಅದೇ ಅಡಿಪಾಯ. ಅದರ 34ನೇ ವಿಧಿಯನ್ನು ನಿಧಾನವಾಗಿ ಓದಿ: ಕೋರ್ಟು ಆರ್ಬಿಟ್ರೇಷನ್ ತೀರ್ಪನ್ನು ರದ್ದು ಮಾಡಬಹುದಾದ ಕಾರಣಗಳು ಎಷ್ಟು ಕಮ್ಮಿ ಎಂದು ಗೊತ್ತಾಗುತ್ತದೆ. ಒಬ್ಬರಿಗೆ ವಾದ ಮಂಡಿಸಲು ಅವಕಾಶ ಸಿಗದಿದ್ದರೆ ಅದು ಕಾರಣವಾಗಬಹುದು, ಲೆಕ್ಕ ಸರಿ ಹಾಕಲಿಲ್ಲ ಎಂಬ ಅಸಮಾಧಾನ ಮಾತ್ರ ಸಾಲದು. ಹೊರದೇಶದ ಆರ್ಬಿಟ್ರೇಷನ್ ತೀರ್ಪನ್ನು ಮಾನ್ಯ ಮಾಡುವ 1958ರ ನ್ಯೂಯಾರ್ಕ್ ಒಪ್ಪಂದದಲ್ಲಿ 170ಕ್ಕೂ ಹೆಚ್ಚು ದೇಶಗಳಿವೆ, ಹಾಗಾಗಿ ಒಂದು ದೇಶದ ತೀರ್ಪನ್ನು ಇನ್ನೊಂದರಲ್ಲಿ ಜಾರಿ ಮಾಡಿಸಬಹುದು. ಇಷ್ಟು ಬಲ ಇರುವುದರಿಂದಲೇ ತೀರ್ಪಿಗೆ ಕಾರಣ ಬರೆಯುವ ಅಭ್ಯಾಸ ಗಟ್ಟಿಯಾಗಬೇಕು.

ಒಬ್ಬರು ಇನ್ನೊಬ್ಬರಿಗೆ ಹೆದರಿ ಬಾಯಿ ಬಿಡಲಾಗದ ಕಡೆ, ಹೊಡೆತ ಬಡಿತ ಇರುವ ಕಡೆ ರಾಜಿಗೆ ಕೂರಿಸಲೇಬೇಡಿ, ಅವರಿಗೆ ಬೇಕಿರುವುದು ಕೋರ್ಟಿನ ರಕ್ಷಣೆ. ಇದನ್ನು ಗುರುತಿಸಲು ಹೇಳಿಕೊಡದ ತರಬೇತಿಗೆ ಸೇರಬೇಡಿ.

ನೀವು ಯಾವ ಕೆಲಸದಲ್ಲಿದ್ದೀರಿ ಎಂದು ಬರೆದಿಲ್ಲ. ಕಟ್ಟಡ, ಹಡಗು ಸಾಗಣೆ, ವಿಮೆ ಇಂಥವಾದರೆ ಆರ್ಬಿಟ್ರೇಷನ್‌ನಲ್ಲಿ ಆ ಅನುಭವಕ್ಕೆ ಬೆಲೆಯಿದೆ. ತಿಳಿಸಿ, ಅದಕ್ಕೆ ತಕ್ಕಂತೆ ಮುಂದಿನದನ್ನು ಹೇಳುತ್ತೇನೆ.