ಶಕುಂತಲೆ ಉಂಗುರವನ್ನು ಮತ್ತೆ ತೊಡಲಿಲ್ಲ

ಆತ್ಮೀಯ ಲೇಖಕಿಯವರಿಗೆ,

ನಮಸ್ಕಾರ. ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಇದರೊಳಗೆ ಒಂದು ಒಳ್ಳೆಯ ಕಾದಂಬರಿ ಇದೆ. ಅದನ್ನು ನೀವು ಮೂರನೆಯ ಅಧ್ಯಾಯದ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಓದಿದ್ದನ್ನು ಮೊದಲು ಹೇಳಿಬಿಡುತ್ತೇನೆ, ತಪ್ಪಾಗಿದ್ದರೆ ತಿದ್ದಿ. ಗೌರಿ ಮತ್ತು ಬಸವರಾಜ ಒಂದೇ ನಾಟಕ ಕಂಪನಿಯವರು, ಮೆಚ್ಚಿ ಮದುವೆಯಾದವರು. ಧಾರಾವಾಹಿಯಲ್ಲಿ ಅವಕಾಶ ಸಿಗುತ್ತದೆಂದು ಅವನು ಬೆಂಗಳೂರಿಗೆ ಹೋಗುತ್ತಾನೆ. ಬರೆದ ಪತ್ರ ಅವಳ ಕೈ ಸೇರುವುದಿಲ್ಲ. ಹನ್ನೆರಡು ವರ್ಷಗಳ ಮೇಲೆ, ಬೇಸಿಗೆಯ ಜಾತ್ರೆಯ ಕ್ಯಾಂಪಿಗೆ ಅವನು ಮರಳಿ ಬರುತ್ತಾನೆ. ಕೊನೆಯಲ್ಲಿ ರಂಗದ ಮೇಲೆಯೇ ಕ್ಷಮೆ ಕೇಳುತ್ತಾನೆ, ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಮಳೆ ಸುರಿಯುತ್ತದೆ.

ಸಣ್ಣದೊಂದನ್ನು ಮೊದಲೇ ಮುಗಿಸುತ್ತೇನೆ. ನಿಮ್ಮ ಬನಶಂಕರಿ ಜಾತ್ರೆಯಲ್ಲಿ ಬಿಸಿಲು ನೆತ್ತಿ ಸುಡುತ್ತದೆ, ಮಾವಿನ ಹಣ್ಣಿನ ಗಾಡಿಗಳು ನಿಂತಿರುತ್ತವೆ. ಬಾದಾಮಿ ಬಳಿಯ ಆ ಜಾತ್ರೆ ನಡೆಯುವುದು ಬನದ ಹುಣ್ಣಿಮೆಗೆ, ಪುಷ್ಯ ಮಾಸದಲ್ಲಿ. ತೇರು ಎಳೆದ ಮೇಲೂ ನಾಟಕ ಕಂಪನಿಗಳು ವಾರಗಟ್ಟಲೆ ಅಲ್ಲೇ ಬೀಡುಬಿಟ್ಟಿರುತ್ತವೆ, ನಿಜ. ಆದರೆ ಅದು ಚಳಿಯ ಕಾಲ. ಬೇಸಿಗೆಯೇ ಬೇಕಾದರೆ ಕಥೆಯನ್ನು ಶಿರಸಿಗೆ ತನ್ನಿ. ಮಾರಿಕಾಂಬೆಯ ಜಾತ್ರೆ ಬಹುತೇಕ ಮಾರ್ಚ್ ತಿಂಗಳಲ್ಲಿ ಬರುತ್ತದೆ, ಅದೂ ಎರಡು ವರ್ಷಕ್ಕೊಮ್ಮೆ. ಆ ‘ಎರಡು ವರ್ಷಕ್ಕೊಮ್ಮೆ’ ನಿಮಗೆ ಸಿಕ್ಕ ವರ ಎಂದೇ ತಿಳಿಯಿರಿ. ಗೌರಿ ಹನ್ನೆರಡು ವರ್ಷ ಎಂದು ಎಣಿಸುವವಳಲ್ಲ. ಅವನಿಲ್ಲದೆ ಆರು ಜಾತ್ರೆ ಕಳೆದವು ಎಂದು ಎಣಿಸುವವಳು.

ಈಗ ಆ ವಾಕ್ಯಕ್ಕೆ ಬರುತ್ತೇನೆ. ‘ಅವನು ಎತ್ತಿದ್ದ ಮುಂಗಡವನ್ನು ಅವಳೇ ಎರಡು ವರ್ಷ ದುಡಿದು ತೀರಿಸಿದಳು’ ಎಂದು ಬರೆದಿದ್ದೀರಿ. ಮರುಸಾಲಿನಲ್ಲೇ ಬೆಳದಿಂಗಳ ವರ್ಣನೆ ಶುರುವಾಗುತ್ತದೆ. ನಾನು ಅಲ್ಲಿಯೇ ನಿಂತುಬಿಟ್ಟೆ. ಕಂಪನಿಯ ಬದುಕು ಗೊತ್ತಿದ್ದವರಿಗೆ ಮುಂಗಡ ಎಂದರೆ ಏನೆಂದು ಗೊತ್ತು. ಮಾಲೀಕರ ಕೈಯಿಂದ ಹಣ ಎತ್ತಿದ ಕಲಾವಿದ ಅದು ತೀರುವವರೆಗೆ ಕಂಪನಿಗೆ ಕಟ್ಟುಬಿದ್ದವನು. ಅವನು ರಾತ್ರೋರಾತ್ರಿ ಹೊರಟುಹೋದರೆ ಸಾಲ ಅವನ ಜೊತೆ ಬಸ್ ಹತ್ತುವುದಿಲ್ಲ, ಉಳಿದವರ ಲೆಕ್ಕದ ಪುಸ್ತಕಕ್ಕೆ ಬರುತ್ತದೆ. ಅಂದರೆ ಬಸವರಾಜ ಪ್ರೀತಿಯನ್ನು ಮಾತ್ರ ಬಿಟ್ಟುಹೋಗಲಿಲ್ಲ, ಹೆಂಡತಿಯ ಎರಡು ವರ್ಷದ ದುಡಿಮೆಯನ್ನು ಒತ್ತೆಯಿಟ್ಟು ಹೋದ. ಇಷ್ಟು ದೊಡ್ಡ ಗಾಯ ಕೈಯಲ್ಲಿರುವಾಗ ಕಳೆದುಹೋದ ಪತ್ರ ನಿಮಗೆ ಏಕೆ ಬೇಕಾಯಿತು? ಅದೂ ಮನೆಮನೆಗೆ ಮೊಬೈಲ್ ಬಂದ ಕಾಲದಲ್ಲಿ! ಪತ್ರ ಕಳೆದದ್ದೇ ಕಾರಣವಾದರೆ ತಪ್ಪು ಅಂಚೆಯದು, ಅವನದಲ್ಲ. ತಪ್ಪೇ ಇಲ್ಲದವನನ್ನು ಕ್ಷಮಿಸುವುದರಲ್ಲಿ ಗೌರಿಯ ದೊಡ್ಡತನ ಏನಿದೆ?

ನೀವು ಅವನನ್ನು ಒಳ್ಳೆಯವನನ್ನಾಗಿ ಉಳಿಸಲು ಹೆಣಗಿದ್ದೀರಿ, ಅದು ಪುಟಪುಟದಲ್ಲೂ ಕಾಣುತ್ತದೆ. ಬಿಟ್ಟುಬಿಡಿ. ಅವನು ಹೆದರಿ ಓಡಿಹೋದ, ಹಾಗೆಂದೇ ಬರೆಯಿರಿ. ಓದುಗರು ಅವನನ್ನು ದ್ವೇಷಿಸುತ್ತಾರೆಂಬ ಭಯ ಬೇಡ. ಅವರು ಗೌರಿಯ ಕಣ್ಣಿನಿಂದ ಅವನನ್ನು ನೋಡುತ್ತಾರೆ.

ಅಗಲಿದವರು ಮತ್ತೆ ಸೇರುವ ಕಥೆಗೆ ನಮ್ಮಲ್ಲಿ ಬಹಳ ಹಳೆಯ ದಾರಿ ಇದೆ. ಕಾಳಿದಾಸನ ಶಾಕುಂತಲದ ಏಳನೆಯ ಅಂಕವನ್ನು ದಯವಿಟ್ಟು ಮತ್ತೊಮ್ಮೆ ಓದಿ, ಬಸವಪ್ಪ ಶಾಸ್ತ್ರಿಗಳ ಕನ್ನಡ ಅನುವಾದ ಇದೆ. ದುಷ್ಯಂತ ಶಕುಂತಲೆಯ ಕಾಲಿಗೆ ಬೀಳುತ್ತಾನೆ. ಅವಳು ಅವನನ್ನು ಎಬ್ಬಿಸುತ್ತಾಳೆ. ಆಮೇಲೆ ಅವನು ಉಂಗುರವನ್ನು ಮತ್ತೆ ಅವಳಿಗೆ ತೊಡಿಸಲು ಹೋದಾಗ ಅವಳು, ಇದನ್ನು ನಾನು ನಂಬುವುದಿಲ್ಲ, ನೀವೇ ತೊಟ್ಟುಕೊಳ್ಳಿ ಎನ್ನುತ್ತಾಳೆ. ಗಂಡನನ್ನು ಒಪ್ಪಿಕೊಂಡಳು, ಉಂಗುರವನ್ನು ಒಪ್ಪಲಿಲ್ಲ. ಎಷ್ಟು ಸಲ ಓದಿದರೂ ಆ ಮಾತಿನ ಹತ್ತಿರ ನನ್ನ ಉಸಿರು ಒಂದು ಗಳಿಗೆ ನಿಲ್ಲುತ್ತದೆ. ನಿಮ್ಮ ಗೌರಿ ಮಾತ್ರ ಎಲ್ಲವನ್ನೂ ಒಂದೇ ಸಲಕ್ಕೆ ಮರಳಿ ತೊಟ್ಟುಕೊಳ್ಳುತ್ತಾಳೆ. ಅವಳೂ ಏನನ್ನೋ ಬೇಡ ಎನ್ನಬೇಕು. ಅದು ಏನೆಂಬುದನ್ನು ನೀವೇ ಕಂಡುಕೊಳ್ಳಬೇಕು.

ರಂಗದ ಮೇಲಿನ ಕ್ಷಮಾಪಣೆಯನ್ನು ನೀವು ಬಹಳ ಪ್ರೀತಿಯಿಂದ ಬರೆದಿದ್ದೀರೆಂದು ಗೊತ್ತು. ಆದರೂ ತೆಗೆದುಹಾಕಿ ಎಂದೇ ಹೇಳುತ್ತೇನೆ. ಸಾವಿರ ಜನ ನೋಡುತ್ತಿರುವಾಗ ಕ್ಷಮೆ ಕೇಳಿದರೆ ಅವಳಿಗೆ ಇಲ್ಲ ಎನ್ನಲು ಜಾಗವೆಲ್ಲಿದೆ? ಇನ್ನೊಂದು, ಅವಳು ಕಲಾವಿದೆ. ಪುಸ್ತಕದಲ್ಲಿಲ್ಲದ ಮಾತು ಸೇರಿಸುವುದು ವೃತ್ತಿರಂಗಭೂಮಿಗೆ ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರು ಅಂದಂದಿನ ರಾಜಕೀಯವನ್ನು ಅಂದಂದೇ ಸಂಭಾಷಣೆಗೆ ತರುತ್ತಿದ್ದರು, ಜನ ಅದಕ್ಕಾಗಿಯೇ ಟಿಕೆಟ್ ಕೊಳ್ಳುತ್ತಿದ್ದರು. ಆದರೆ ಮಾತು ಎಲ್ಲಿಗೇ ಹೋಗಲಿ, ಎದುರು ನಿಂತವರಿಗೆ ಅವರ ಕ್ಯೂ, ಅಂದರೆ ಅವರು ಮಾತು ಎತ್ತಿಕೊಳ್ಳಬೇಕಾದ ಸೂಚನೆಯ ಪದ, ಕೊಟ್ಟೇ ಮುಗಿಸಬೇಕು. ಬಸವರಾಜ ಅದನ್ನು ಕೊಡದೆ ಅವಳನ್ನು ದೀಪದ ಬೆಳಕಿನಲ್ಲಿ ಒಂಟಿಯಾಗಿ ನಿಲ್ಲಿಸಿದ. ಆ ಹೊತ್ತಿಗೆ ಗೌರಿಗೆ ಕಣ್ಣೀರಲ್ಲ, ಸಿಟ್ಟು ಬರಬೇಕು.

ಕ್ಷಮೆಯ ಮಾತಿಗೆ ಸರಿಯಾದ ಜಾಗ ನಾಟಕದೊಳಗೇ ಇದೆ. ಕಂಪನಿ ನಾಟಕದಲ್ಲಿ ರಸ್ತೆಯ ಪರದೆ ಬಿಟ್ಟು ಅದರ ಮುಂದೆ ಹಾಸ್ಯದವರು ಆಡುತ್ತಿರುತ್ತಾರೆ. ಅಷ್ಟರಲ್ಲಿ ಹಿಂದೆ ಮುಂದಿನ ಸೀನಿಗೆ ಅರಮನೆಯನ್ನೋ ಸಾಹುಕಾರರ ಮನೆಯನ್ನೋ ನಿಲ್ಲಿಸಬೇಕು. ಹುಡುಗನಾಗಿದ್ದಾಗ ಒಮ್ಮೆ ಆ ಪರದೆಯ ಹಿಂದೆ ನಿಂತು ನೋಡಿದ್ದೇನೆ. ಕತ್ತಲೆ. ಬರಿಗಾಲಿನ ಕೆಲಸಗಾರರು ಸದ್ದಿಲ್ಲದೆ ಕಂಬಗಳನ್ನು ಹೊತ್ತು ತರುತ್ತಾರೆ. ಅಂಗೈ ಅಗಲದ ದೂರದಲ್ಲಿ, ಬಟ್ಟೆಯ ಆಚೆ, ನೂರಾರು ಜನ ನಗುತ್ತಿರುತ್ತಾರೆ. ತಮ್ಮ ಸೀನಿಗೆ ಕಾಯುವ ಇಬ್ಬರು ಪಕ್ಕಪಕ್ಕದಲ್ಲಿ ನಿಂತಿರುತ್ತಾರೆ, ಮಾತಾಡುವಂತಿಲ್ಲ. ಗೌರಿ ಮತ್ತು ಬಸವರಾಜರನ್ನು ಪ್ರತಿ ರಾತ್ರಿ ಆ ಹತ್ತು ನಿಮಿಷ ಅಲ್ಲಿ ನಿಲ್ಲಿಸಿ ನೋಡಿ. ನಿಮ್ಮ ನೂರ ನಲವತ್ತು ಪುಟಗಳಲ್ಲಿ ಒಮ್ಮೆಯೂ ನೀವು ಆ ಪರದೆಯ ಹಿಂದೆ ಹೋಗಿಲ್ಲ.

ಇನ್ನು ಪಾತ್ರಗಳ ಹಂಚಿಕೆ. ನಲವತ್ತು ದಾಟಿದ ಗೌರಿಗೆ ಈಗಲೂ ನಾಯಕಿಯ ಪಾತ್ರವೇ ಸಿಗುತ್ತಿದೆ. ಕಂಪನಿಗಳಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಗಂಡಸು ಆ ವಯಸ್ಸಿನಲ್ಲೂ ನಾಯಕ, ಹೆಂಗಸು ತಾಯಿ. ಹಾಗಾದರೆ ಅವಳು ಅವನ ತಾಯಿಯಾಗಿ ರಂಗಕ್ಕೆ ಬರಲಿ. ಹಿಂದೆ ಹೆಂಡತಿಯಾಗಿದ್ದವಳನ್ನು ಅವನು ದಿನವೂ ‘ಅವ್ವಾ’ ಎಂದು ಕರೆಯಬೇಕಾಗಲಿ. ಅದಕ್ಕಾಗಿ ಅವಳನ್ನು ಅಳಿಸಬೇಡಿ. ಬೆಂಗಳೂರಿನಲ್ಲಿ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದ ಆರ್. ನಾಗರತ್ನಮ್ಮನವರು ಕಂಸನ ಪಾತ್ರವನ್ನೇ ಮಾಡಿ ಗೆದ್ದವರು. ಇಂಥವರ ವೃತ್ತಿಯಲ್ಲಿ ಬೆಳೆದ ಹೆಣ್ಣು ಗೌರಿ. ತಾಯಿಯ ಪಾತ್ರವನ್ನು ಅವಳು ಎಷ್ಟು ಚೆನ್ನಾಗಿ ಮಾಡಬೇಕೆಂದರೆ, ಎದುರು ನಿಂತ ಅವನಿಗೆ ತನ್ನ ಮಾತು ಮರೆತುಹೋಗಬೇಕು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳದಿಂಗಳನ್ನು ಕಡಿಮೆ ಮಾಡಿ, ‘ಹೃದಯ’ ಎಂಬ ಪದ ಬಂದಲ್ಲೆಲ್ಲ ಅದನ್ನು ಹೊಡೆದುಹಾಕಿ ಓದಿ ನೋಡಿ.

ಎಂಬತ್ತೇಳನೆಯ ಪುಟವನ್ನು ಮಾತ್ರ ಮುಟ್ಟಬೇಡಿ. ನಾಟಕ ಮುಗಿದು ಬಣ್ಣದ ಕೋಣೆಯಲ್ಲಿ ಗೌರಿ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಾಳೆ. ಅವನು ಬಂದು ಪಕ್ಕದಲ್ಲಿ ಕೂರುತ್ತಾನೆ. ಅವಳು ಅವನತ್ತ ನೋಡುವುದಿಲ್ಲ. ಒರೆಸಿದ ಹಳೆಯ ಸೀರೆಯ ತುಂಡನ್ನು ತಿರುವಿ, ಬಣ್ಣ ತಾಗದ ಮಗ್ಗುಲು ಮೇಲೆ ಬರುವಂತೆ ಮಡಚಿ, ಎಣ್ಣೆಯ ಬಟ್ಟಲಿನ ಜೊತೆ ಅವನ ಕಡೆಗೆ ಸರಿಸುತ್ತಾಳೆ. ಒಂದು ಮಾತೂ ಇಲ್ಲ. ಅವರು ಮುಂದೆ ಸೇರುತ್ತಾರೋ ಇಲ್ಲವೋ ನನಗೆ ತಿಳಿಯಲಿಲ್ಲ, ತಿಳಿಯಬೇಕೆಂಬ ಆಸೆ ಮಾತ್ರ ತಡೆಯಲಾಗಲಿಲ್ಲ. ಕಾದಂಬರಿ ಆ ಪುಟದಲ್ಲೇ ಮುಗಿದರೂ ನಾನು ಒಪ್ಪುತ್ತೇನೆ. ಮಳೆ ಬೇಡ.

ತಿದ್ದಿದ ಪ್ರತಿಯನ್ನು ದಯವಿಟ್ಟು ನನಗೇ ಕಳುಹಿಸಿ, ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಬರೆಯಲು ಕೂರುವ ಮೊದಲು ಒಂದನ್ನು ಮಾತ್ರ ತೀರ್ಮಾನಿಸಿಕೊಳ್ಳಿ: ಅವನು ಎತ್ತಿದ್ದ ಮುಂಗಡ ಎಷ್ಟು ರೂಪಾಯಿ? ಗೌರಿಗೆ ಅದು ಬಾಯಿಪಾಠವಾಗಿರುತ್ತದೆ.

ನಿಮ್ಮ,
ಸಂಪಾದಕ